ಗೆರೆ ಎಳೆಯುವ ಮೊದಲು: ಸಂಬಂಧಗಳ ಜಾಲಚಿತ್ರ ಕುರಿತು ಓದುಗರ ಪ್ರಶ್ನೆಗಳು

ಸಾಮಾಜಿಕ ಜಾಲಗಳ ಅಧ್ಯಯನದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದ ಸುತ್ತಲೇ ಇವೆ. ಮನುಷ್ಯರನ್ನು ಚುಕ್ಕಿಯಾಗಿ, ಅವರ ನಡುವಿನ ನಂಟನ್ನು ಗೆರೆಯಾಗಿ ತೋರಿಸುವ ಜಾಲಚಿತ್ರ ಬೇಕೇ, ಎಷ್ಟು ನಂಬಬಹುದು, ಯಾರಿಗೆ ತೋರಿಸಬಹುದು ಎಂದು ಕೇಳಿದ್ದಾರೆ. ಇಲ್ಲಿ ಜಾಲ ಅಂದರೆ ಫೇಸ್‌ಬುಕ್, ವಾಟ್ಸ್‌ಆ್ಯಪ್ ಮಾತ್ರ ಅಲ್ಲ. ಯಾರು ಯಾರ ಮನೆಯಿಂದ ಅಕ್ಕಿ ಕಡ ತರುತ್ತಾರೆ ಅನ್ನುವುದೂ ಜಾಲವೇ.

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಎರಡು ಹಳ್ಳಿಗಳ ರೈತರ ನಡುವೆ ಮುಯ್ಯಾಳು, ಎತ್ತು, ಟ್ರ್ಯಾಕ್ಟರ್‌ಗಳ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆ ಎಂಬುದು ನನ್ನ ವಿಷಯ. ಜಾಲಚಿತ್ರ ಬಿಡಿಸಿ ಅಧ್ಯಾಯದಲ್ಲಿ ಸೇರಿಸಿದ್ದೆ. ನನ್ನ ಗೈಡ್ "ಇದು ಬರೀ ಅಲಂಕಾರ, ತೆಗೀರಿ, ಕೋಷ್ಟಕ ಸಾಕು" ಅಂದರು. ಏನು ಉತ್ತರ ಕೊಡಲಿ?
(ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮ್ಮ ಗೈಡ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಲೆಕ್ಕವೆಲ್ಲ ಮುಗಿದ ಮೇಲೆ ಪ್ರಬಂಧ ತುಂಬಿಕೊಂಡಂತೆ ಕಾಣಲಿ ಎಂದು ಅಂಟಿಸಿದ ಚಿತ್ರ ಅಲಂಕಾರವೇ. ಲೆಕ್ಕಕ್ಕೆ ಮೊದಲು ಬಿಡಿಸಿ, ಅದನ್ನು ನೋಡಿ, ಇದು ಯಾಕೆ ಹೀಗಿದೆ ಎಂದು ನೀವು ತಲೆ ಕೆರೆದುಕೊಂಡಿದ್ದರೆ ಮಾತ್ರ ಅದು ಸಂಶೋಧನೆಯ ಭಾಗ.

ಈ ವಿದ್ಯೆ ಶುರುವಾದದ್ದೇ ಹಾಗೆ. 1932ರ ಶರತ್ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಹೆಣ್ಣುಮಕ್ಕಳ ವಸತಿ ಶಾಲೆಯಿಂದ ಎರಡೇ ವಾರದಲ್ಲಿ 14 ಹುಡುಗಿಯರು ಓಡಿಹೋದರು. ಮನೋವೈದ್ಯ ಜೇಕಬ್ ಮೊರೆನೊ ಮತ್ತು ಅವರ ಸಹೋದ್ಯೋಗಿ ಹೆಲೆನ್ ಜೆನ್ನಿಂಗ್ಸ್, ಅಲ್ಲಿ ಯಾರಿಗೆ ಯಾರನ್ನು ಕಂಡರೆ ಇಷ್ಟ, ಯಾರನ್ನು ಕಂಡರೆ ಆಗದು ಎಂದು ಕೇಳಿ ಕಾಗದದ ಮೇಲೆ ಇಳಿಸಿದರು. ಓಡಿಹೋಗಲು ಒಬ್ಬೊಬ್ಬಳ ಸ್ವಭಾವ ಅಷ್ಟಾಗಿ ಕಾರಣವಲ್ಲ, ಅವರು ಜಾಲದಲ್ಲಿ ನಿಂತಿದ್ದ ಜಾಗ ಕಾರಣ ಎಂದು ಮೊರೆನೊ ವಾದಿಸಿದರು. ಓಡಿಹೋಗುವ ಯೋಚನೆ ಗೆಳೆತನದ ಗೆರೆಗಳ ಮೇಲೆಯೇ ಹರಿದಿತ್ತು, ಹಾಗೆ ಹರಿಯುತ್ತಿದೆ ಎಂದು ಆ ಹುಡುಗಿಯರಿಗೇ ಗೊತ್ತಿರಲಿಕ್ಕಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಈ ಚಿತ್ರಗಳ ಸುದ್ದಿ ಮಾಡಿತು, 1934ರಲ್ಲಿ ಮೊರೆನೊ ಅವರ ಪುಸ್ತಕ ಬಂತು. ಮೊರೆನೊ ಸ್ವಲ್ಪ ಆಡಂಬರದ ಮನುಷ್ಯ, ಹೇಳಿದ್ದನ್ನೆಲ್ಲ ಹಾಗೇ ನಂಬಬೇಕಿಲ್ಲ. ಆದರೂ ಒಬ್ಬೊಬ್ಬರ ಕಡತ ತೆಗೆದು ಓದುವವರಿಗೆ ಕಾಣದ್ದು ಎಲ್ಲರನ್ನೂ ಒಂದೇ ಹಾಳೆಯಲ್ಲಿ ಇಟ್ಟಾಗ ಕಾಣುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ನನ್ನ ಮೆಚ್ಚಿನ ಉದಾಹರಣೆ 2004ರದು. ಪೀಟರ್ ಬೇರ್ಮನ್, ಜೇಮ್ಸ್ ಮೂಡಿ, ಕ್ಯಾಥರೀನ್ ಸ್ಟೋವಲ್ ಎಂಬ ಮೂವರು ಅಮೆರಿಕದ ಒಂದು ಹೈಸ್ಕೂಲಿನ ಮಕ್ಕಳ ಹದಿನೆಂಟು ತಿಂಗಳ ಪ್ರೇಮ-ದೇಹ ಸಂಬಂಧಗಳ ಜಾಲವನ್ನು ಬಿಡಿಸಿದರು. ಶಾಲೆಗೆ 'ಜೆಫರ್ಸನ್' ಎಂಬ ಮರೆಹೆಸರು ಕೊಟ್ಟರು. ಲೈಂಗಿಕ ರೋಗ ಹೇಗೆ ಹರಡುತ್ತದೆ ಎಂಬುದು ಅವರ ಕಾಳಜಿ. ಹೆಚ್ಚು ಸಂಗಾತಿಗಳಿರುವ ಕೆಲವರು ನಡುವೆ ಗುಂಪಾಗಿರುತ್ತಾರೆ, ಅವರನ್ನು ಹಿಡಿದು ತಿಳಿಹೇಳಿದರೆ ಆಯಿತು ಎಂಬುದು ಆಗಿನ ಸಾಮಾನ್ಯ ನಂಬಿಕೆ. ಚಿತ್ರದಲ್ಲಿ ಅಂಥ ನಡುಗುಂಪೇ ಇರಲಿಲ್ಲ. ಸಂಬಂಧದಲ್ಲಿದ್ದ 573 ಮಕ್ಕಳಲ್ಲಿ 288 ಮಂದಿ ಒಂದೇ ಉದ್ದನೆಯ ಸರಪಳಿಯಲ್ಲಿ ಕೊಂಡಿ ಕೊಂಡಿಯಾಗಿ ಸೇರಿಕೊಂಡಿದ್ದರು. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ 37 ಹೆಜ್ಜೆ. ಬಹುತೇಕರಿಗೆ ಇದ್ದದ್ದು ಒಂದೋ ಎರಡೋ ಸಂಬಂಧ. ಸರಾಸರಿ ನೋಡಿದ್ದರೆ ಯಾರಿಗೂ ಗಾಬರಿಯಾಗುತ್ತಿರಲಿಲ್ಲ. ನಾಲ್ಕಾರು ಜನರನ್ನು ಹುಡುಕಿ ಬುದ್ಧಿ ಹೇಳುವುದಕ್ಕಿಂತ ಎಲ್ಲರಿಗೂ ಒಂದಿಷ್ಟು ತಿಳಿಹೇಳುವುದೇ ಇಲ್ಲಿ ಹೆಚ್ಚು ಉಪಯೋಗ, ಯಾಕೆಂದರೆ ಎಲ್ಲಿ ಕೊಂಡಿ ಕಳಚಿದರೂ ಸರಪಳಿ ಎರಡು ತುಂಡಾಗುತ್ತದೆ.

ಅವರು ಚಿತ್ರ ನೋಡಿ ಅಷ್ಟಕ್ಕೇ ನಿಲ್ಲಲಿಲ್ಲ. ಸರಪಳಿಯೇ ಯಾಕೆ ಎಂದು ಕೇಳಿ, ಕಂಪ್ಯೂಟರಿನಲ್ಲಿ ಕಾಲ್ಪನಿಕ ಜಾಲಗಳನ್ನು ಹುಟ್ಟಿಸಿ ಹೋಲಿಸಿದರು. ನಾಲ್ವರ ಪುಟ್ಟ ಸುತ್ತು ಅಲ್ಲಿ ಇರಲಿಲ್ಲ ಎಂಬುದು ಆಗ ಸಿಕ್ಕಿದ ಗುಟ್ಟು. ಅಂದರೆ, ನನ್ನ ಹಳೆಯ ಗೆಳತಿಯ ಈಗಿನ ಗೆಳೆಯನ ಹಳೆಯ ಗೆಳತಿಯ ಜೊತೆ ನಾನು ಜೋಡಿಯಾಗುವುದಿಲ್ಲ. ಹದಿಹರೆಯದ ಮರ್ಯಾದೆಯ ಪ್ರಶ್ನೆ! ಹಾಗೆ ಮಾಡಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳಿದ್ದರೆ ಆ ಮಕ್ಕಳು ಅದನ್ನು ನಿಯಮ ಎಂದು ಹೇಳುತ್ತಲೂ ಇರಲಿಲ್ಲ. ಸರಪಳಿಯ ಆಕಾರ ಕಣ್ಣಿಗೆ ಬಿದ್ದಿರದಿದ್ದರೆ ಆ ಲೆಕ್ಕ ಮಾಡಬೇಕೆಂದೇ ಹೊಳೆಯುತ್ತಿತ್ತೋ ಇಲ್ಲವೋ.

ಇನ್ನು ಚಿತ್ರಕ್ಕೂ ಲೆಕ್ಕಕ್ಕೂ ದಕ್ಕದ್ದು ಒಂದಿದೆ. ವೇಯ್ನ್ ಝಕರಿ 1977ರಲ್ಲಿ ಪ್ರಕಟಿಸಿದ ಕರಾಟೆ ಕ್ಲಬ್ಬಿನ ಅಧ್ಯಯನ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. ಶುಲ್ಕದ ವಿಚಾರದಲ್ಲಿ ಕ್ಲಬ್ಬಿನ ಅಧ್ಯಕ್ಷರಿಗೂ ಕರಾಟೆ ಗುರುವಿಗೂ ಜಗಳವಾಗಿ ಕ್ಲಬ್ ಇಬ್ಭಾಗವಾಯಿತು. ಯಾರು ಯಾವ ಕಡೆ ಹೋಗುತ್ತಾರೆ ಎಂಬುದನ್ನು ಗೆಳೆತನದ ಗೆರೆಗಳ ಲೆಕ್ಕ 34 ಜನರಲ್ಲಿ 33 ಮಂದಿಯ ವಿಷಯದಲ್ಲಿ ಸರಿಯಾಗಿ ಹೇಳಿತು. ತಪ್ಪಿದ ಒಬ್ಬ ಅಧ್ಯಕ್ಷರ ಪಕ್ಷದವನಾಗಿದ್ದೂ ಗುರುವಿನ ಹಿಂದೆ ಹೋದ. ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು, ಗುರುವನ್ನು ಬಿಟ್ಟರೆ ಮತ್ತೆ ಮೊದಲಿಂದ ಶುರುಮಾಡಬೇಕಿತ್ತು. ಇದು ಗೊತ್ತಾದದ್ದು ಝಕರಿ ಅಲ್ಲೇ ಇದ್ದು ನೋಡಿದ್ದರಿಂದ. ನಿಮ್ಮ ಕ್ಷೇತ್ರಕಾರ್ಯದ ಡೈರಿಯನ್ನು ಚಿತ್ರದ ಪಕ್ಕದಲ್ಲೇ ಇಟ್ಟುಕೊಂಡಿರಿ.

ಗೈಡ್‌ಗೆ ಹೀಗೆ ಹೇಳಿ ನೋಡಿ: ಚಿತ್ರದಿಂದ ಹುಟ್ಟಿದ ಒಂದು ಪ್ರಶ್ನೆಯನ್ನಾದರೂ ಅದರ ಕೆಳಗೇ ಬರೆಯುತ್ತೇನೆ, ಕೋಷ್ಟಕ ಅದಕ್ಕೆ ಉತ್ತರ ಕೊಡುತ್ತದೆ. ಅಂಥ ಪ್ರಶ್ನೆ ಒಂದೂ ಸಿಗದಿದ್ದರೆ ಅವರ ಮಾತು ಕೇಳಿ ತೆಗೆದುಬಿಡಿ. ಇನ್ನೊಂದು ಸಲಹೆ. ನಾಟಿಯ ಕಾಲಕ್ಕೊಂದು, ಕೊಯ್ಲಿನ ಕಾಲಕ್ಕೊಂದು ಚಿತ್ರ ಮಾಡುವುದಾದರೆ ಎರಡರಲ್ಲೂ ಚುಕ್ಕಿಗಳನ್ನು ಅದದೇ ಜಾಗದಲ್ಲಿ ಇಡಿ, ಗೆರೆ ಮಾತ್ರ ಬದಲಾಗಲಿ. ಇಲ್ಲದಿದ್ದರೆ ಓದುವವರು ಬದಲಾಗದ್ದನ್ನೂ ಬದಲಾವಣೆ ಎಂದುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರು ಯಾರ ಮಾತಿಗೆ ಉತ್ತರಿಸುತ್ತಾರೆ ಎಂಬುದನ್ನು ಕುತೂಹಲಕ್ಕೆ ಗೆಫಿ ಎಂಬ ತಂತ್ರಾಂಶದಲ್ಲಿ ಹಾಕಿದೆ. ಆರುನೂರು ಜನ. ಬಂದದ್ದು ಸಿಕ್ಕುಸಿಕ್ಕಾದ ಕೂದಲಿನ ಉಂಡೆ! ನಡುವೆ ಒಬ್ಬರು ಕೂತಿದ್ದರು, ಅವರೇ ನಾಯಕರು ಅಂದುಕೊಂಡೆ. ಮತ್ತೊಮ್ಮೆ ರನ್ ಮಾಡಿದರೆ ಅಲ್ಲಿ ಇನ್ನೊಬ್ಬರು. ಯಾವುದು ನಿಜ ಸರ್?
(ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಎರಡೂ ಒಂದೇ ಜಾಲ. ಯಾರಿಗೆ ಯಾರು ಅಂಟಿಕೊಂಡಿದ್ದಾರೆ ಎಂಬುದು ಎರಡರಲ್ಲೂ ಬದಲಾಗಿಲ್ಲ. ಬದಲಾದದ್ದು ಚುಕ್ಕಿ ಕೂತ ಜಾಗ.

ರಂಗೋಲಿಯಲ್ಲಿ ಮೊದಲು ಚುಕ್ಕಿ, ಆಮೇಲೆ ಗೆರೆ. ಚುಕ್ಕಿ ಒಂದಂಗುಲ ಆಚೀಚೆ ಆದರೆ ರಂಗೋಲಿಯೇ ಕೆಟ್ಟಿತು. ಜಾಲಚಿತ್ರದಲ್ಲಿ ತದ್ವಿರುದ್ಧ. ಇಲ್ಲಿ ಗೆರೆಯೇ ಮಾಹಿತಿ, ಚುಕ್ಕಿಯನ್ನು ಎಲ್ಲಿಟ್ಟರೂ ಜಾಲ ಅದೇ. ಗೆಫಿಯಂಥ ತಂತ್ರಾಂಶಗಳು ಗೆರೆಯನ್ನು ಸ್ಪ್ರಿಂಗ್ ಎಂದುಕೊಳ್ಳುತ್ತವೆ. ನಂಟಿದ್ದವರನ್ನು ಹತ್ತಿರ ಎಳೆಯುತ್ತವೆ, ಇಲ್ಲದವರನ್ನು ದೂರ ತಳ್ಳುತ್ತವೆ, ಎಲ್ಲೋ ಒಂದು ಕಡೆ ಎಲ್ಲವೂ ನಿಂತಾಗ ಚಿತ್ರ ಸಿದ್ಧ. ಇದರ ಹೆಸರಾಂತ ವಿಧಾನಗಳಲ್ಲೊಂದನ್ನು ಫ್ರುಖ್ಟರ್‌ಮನ್ ಮತ್ತು ರೈನ್‌ಗೋಲ್ಡ್ 1991ರಲ್ಲಿ ಕೊಟ್ಟರು. ಶುರುವಿನಲ್ಲಿ ಚುಕ್ಕಿಗಳನ್ನು ಮನಸೋಇಚ್ಛೆ ಚೆಲ್ಲುವುದರಿಂದ ಪ್ರತಿ ಸಲವೂ ನಿಲ್ಲುವ ಜಾಗ ಬೇರೆ.

ನಮ್ಮ ಕಣ್ಣು ಮಾತ್ರ ಇದನ್ನು ಒಪ್ಪುವುದಿಲ್ಲ, ನಡುವೆ ಇರುವವರು ದೊಡ್ಡವರು ಅಂದುಕೊಂಡುಬಿಡುತ್ತದೆ. ಮೆಗ್ರಾತ್, ಬ್ಲೈತ್, ಕ್ರಾಕ್‌ಹಾರ್ಟ್ ಎಂಬ ಸಂಶೋಧಕರು 1997ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಜಾಲವನ್ನು ಐದು ತರ ಬಿಡಿಸಿ, ಯಾರು ಪ್ರಮುಖರು, ಯಾರು ಸೇತುವೆ, ಎಷ್ಟು ಗುಂಪುಗಳಿವೆ ಎಂದು ಕೇಳಿದರು. ಚಿತ್ರ ಬದಲಾದಂತೆ ಉತ್ತರವೂ ಬದಲಾಯಿತು. ಆದ್ದರಿಂದ ನಾನು ಯಾವ ಚಿತ್ರವನ್ನೂ ಒಂದೇ ಸಲ ನೋಡಿ ನಂಬುವುದಿಲ್ಲ. ಹಲವು ಸಲ ರನ್ ಮಾಡಿದಾಗಲೂ ಉಳಿಯುವ ಸಂಗತಿ ಏನಾದರೂ ಇದ್ದರೆ, ಉದಾಹರಣೆಗೆ ಪ್ರತಿ ಸಲವೂ ಎರಡು ಗುಂಪು ಬೇರೆಯಾಗುತ್ತಿದ್ದರೆ, ಆಗ ಆ ಕಡೆ ಕಣ್ಣು ಹಾಯಿಸುತ್ತೇನೆ.

'ನಾಯಕರು' ಅನ್ನುವುದಕ್ಕೂ ಒಂದೇ ಅರ್ಥವಿಲ್ಲ. ಡೇವಿಡ್ ಕ್ರಾಕ್‌ಹಾರ್ಟ್ 1990ರಲ್ಲಿ ಹತ್ತೇ ಚುಕ್ಕಿಗಳ, ಗಾಳಿಪಟದ ಆಕಾರದ ಒಂದು ಜಾಲ ಕೊಟ್ಟರು. ಅದರಲ್ಲಿ ಹೆಚ್ಚು ಜನರ ಪರಿಚಯ ಇರುವವರು ಒಬ್ಬರು, ಅವರಿಗೆ ಆರು ಗೆರೆ. ಎಲ್ಲರಿಗೂ ಬೇಗ ಸುದ್ದಿ ಮುಟ್ಟಿಸಬಲ್ಲವರು ಬೇರೆ ಇಬ್ಬರು. ಮತ್ತೊಬ್ಬರಿಗೆ ಮೂರೇ ಗೆರೆ, ಆದರೆ ಬಾಲದ ತುದಿಯ ಇಬ್ಬರಿಗೆ ಏನೇ ಮುಟ್ಟಬೇಕಿದ್ದರೂ ಅವರನ್ನು ದಾಟಿಯೇ ಹೋಗಬೇಕು. ಮೂರು ಬಗೆಯ ಪ್ರಾಮುಖ್ಯ ಮೂರು ಕಡೆ ಇವೆ ಎಂಬುದನ್ನು ಆ ಒಂದು ಚಿತ್ರ ಅರ್ಧ ನಿಮಿಷದಲ್ಲಿ ಕಲಿಸುತ್ತದೆ, ನಾನು ಪ್ಯಾರಾಗಟ್ಟಲೆ ಬರೆದರೂ ಅಷ್ಟು ಸಲೀಸಾಗಿ ಮುಟ್ಟುವುದಿಲ್ಲ. ಹಾಗೆ ಮುಟ್ಟಬೇಕಾದರೆ ಹತ್ತೇ ಚುಕ್ಕಿ ಇರಬೇಕು ಅನ್ನುವುದನ್ನೂ ಗಮನಿಸಿ.

ಆರುನೂರಕ್ಕೆ ಉಂಡೆ ಬರುವುದು ಸಹಜ. ಹಬ್ಬಕ್ಕೆ ಶುಭಾಶಯ ಹೇಳಿದ ಗೆರೆಗಳನ್ನೆಲ್ಲ ತೆಗೆಯಿರಿ. ಪದೇ ಪದೇ ಮಾತಾಡಿಕೊಂಡವರ ಗೆರೆ ಮಾತ್ರ ಉಳಿಸಿ. ಇಲ್ಲವೇ ಚಿತ್ರವನ್ನೇ ಬಿಟ್ಟು ಚೌಕಗಳ ಪಟ್ಟಿ ಮಾಡಿ: ಅಡ್ಡ ಸಾಲಲ್ಲೂ ಉದ್ದ ಸಾಲಲ್ಲೂ ಅದೇ ಹೆಸರುಗಳು, ನಂಟಿದ್ದ ಕಡೆ ಚೌಕಕ್ಕೆ ಕಪ್ಪು ಬಣ್ಣ. ಚುಕ್ಕಿಗಳ ಸಂಖ್ಯೆ ಇಪ್ಪತ್ತು ದಾಟಿದರೆ ಹೆಚ್ಚಿನ ಕೆಲಸಗಳಿಗೆ ಈ ಚೌಕಪಟ್ಟಿಯೇ ಓದಲು ಸುಲಭ ಎಂದು ಫ್ರಾನ್ಸಿನಲ್ಲಿ 2004ರ ಸುಮಾರಿಗೆ ನಡೆದ ಪ್ರಯೋಗಗಳು ತೋರಿಸಿವೆ. ಇವರಿಂದ ಅವರವರೆಗೆ ದಾರಿ ಹುಡುಕುವ ಕೆಲಸದಲ್ಲಿ ಮಾತ್ರ ಚುಕ್ಕಿ-ಗೆರೆಗಳ ಚಿತ್ರ ಗೆದ್ದಿತು. ಅಂದಹಾಗೆ, ನೆರೆಹೊರೆಯವರ ಮಾತುಕತೆಯನ್ನು ಹೀಗೆ ತೆಗೆದು ಹಾಕಿಕೊಳ್ಳುವ ಮೊದಲು ಅವರನ್ನು ಕೇಳಿದ್ದಿರಾ?

ಪ್ರಶ್ನೆ: ಏಳನೇ ತರಗತಿಯ ಮಕ್ಕಳ ಗೆಳೆತನದ ಚಿತ್ರ ಬಿಡಿಸಬೇಕೆಂದು ಬಿ.ಇಡಿಯಲ್ಲಿ ಕಲಿತದ್ದು ನೆನಪು. ಈಗ ಮಾಡಿದರೆ ಪ್ರಯೋಜನ ಇದೆಯೇ? ಹೇಗೆ ಮಾಡುವುದು?
(ಪ್ರೌಢಶಾಲಾ ಶಿಕ್ಷಕಿ, ಶಿರಸಿ)

ಉತ್ತರ: ಇದೆ. ಈ ಚಿತ್ರದ ಅತಿ ಒಳ್ಳೆಯ ಬಳಕೆ ತರಗತಿಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಮೂವತ್ತು-ನಲವತ್ತು ಜನ ಒಂದು ಡ್ರಾಯಿಂಗ್ ಹಾಳೆಯಲ್ಲಿ ಹಿಡಿಸುತ್ತಾರೆ, ನಿಮಗೂ ಅವರೆಲ್ಲ ಗೊತ್ತು.

ಪ್ರಶ್ನೆ ನಿಜವಾದದ್ದಾಗಿರಲಿ. "ನಿನ್ನ ಬೆಸ್ಟ್ ಫ್ರೆಂಡ್ ಯಾರು" ಎಂದು ಕೇಳಬೇಡಿ. "ಮುಂದಿನ ವಾರದ ವಿಜ್ಞಾನ ಪ್ರಯೋಗಕ್ಕೆ ಯಾರ ಜೊತೆ ಕೂರುತ್ತೀಯಾ, ಮೂರು ಹೆಸರು ಬರಿ" ಎಂದು ಕೇಳಿ, ಆಮೇಲೆ ಆದಷ್ಟು ಹಾಗೆಯೇ ಕೂರಿಸಿ. ಮಕ್ಕಳ ಉತ್ತರದಿಂದ ಏನೂ ಆಗುವುದಿಲ್ಲವೆಂದರೆ ಅವರು ಮನಸ್ಸಿಟ್ಟು ಬರೆಯುವುದಿಲ್ಲ ಎಂದು ಮೊರೆನೊ ಪಟ್ಟು ಹಿಡಿದು ಹೇಳುತ್ತಿದ್ದರು. ಯಾರು ಬೇಡ ಎಂದು ಮಾತ್ರ ಕೇಳಲೇಬೇಡಿ. ಆ ಚೀಟಿ ಹೇಗೋ ಹೊರಗೆ ಬರುತ್ತದೆ.

ಬಿಡಿಸುವಾಗ ಹುಡುಗರಿಗೆ ತ್ರಿಕೋನ, ಹುಡುಗಿಯರಿಗೆ ವೃತ್ತ. ಮೊರೆನೊ ಕಾಲದಿಂದ ಬಂದ ರೂಢಿ ಅದು. ಶಾಲೆಯೊಂದರ ಪ್ರತಿ ತರಗತಿಯನ್ನೂ ಅವರು ಹೀಗೆ ಬಿಡಿಸಿದಾಗ, ಶಿಶುವಿಹಾರದಲ್ಲಿ ತ್ರಿಕೋನ-ವೃತ್ತಗಳ ನಡುವೆ ಓಡಾಡುತ್ತಿದ್ದ ಬಾಣಗಳು ನಾಲ್ಕನೇ ತರಗತಿಯ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗಿದ್ದವು, ಎಂಟನೆಯದರ ಹೊತ್ತಿಗೆ ಮತ್ತೆ ಒಂದೊಂದಾಗಿ ಕಾಣಿಸಿಕೊಂಡವು.

ಓದುವಾಗ ಹುಷಾರಾಗಿರಬೇಕಾದ ಒಂದು ಕಡೆ ಇದೆ. ಮೂರು ಹೆಸರು ಬರೆಯಿರಿ ಎಂದು ಹೇಳಿದವರು ನೀವೇ, ಹಾಗಾಗಿ ಪ್ರತಿ ಮಗುವಿನಿಂದಲೂ ಮೂರೇ ಬಾಣ ಹೊರಡುತ್ತವೆ. ಅದರಿಂದ ಏನೂ ತಿಳಿಯುವುದಿಲ್ಲ. ಒಳಗೆ ಬರುವ ಬಾಣಗಳನ್ನು ನೋಡಿ. ಒಂದೂ ಬಾಣ ಬಾರದ ಮಗು ಯಾವುದು? ಅದು ಬರೆದ ಮೂರು ಹೆಸರು ಯಾರವು? ಆ ಮೂವರಲ್ಲಿ ಒಬ್ಬರ ಪಕ್ಕ ಅದನ್ನು ಸುಮ್ಮನೆ ಕೂರಿಸಿ ನೋಡಿ. ಕೆಲವೊಮ್ಮೆ ಇಷ್ಟರಿಂದಲೇ ಬದಲಾವಣೆ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಆ ದಿನ ಗೈರುಹಾಜರಾಗಿದ್ದ ಮಗುವಿನ ಹೆಸರು ಮಕ್ಕಳಿಗೆ ಹೊಳೆಯದೇ ಹೋಗಿರಬಹುದು, ಅದನ್ನೂ ಗಮನದಲ್ಲಿಡಿ.

ಟೊರೊಂಟೊದ ಮೇರಿ ನಾರ್ತ್‌ವೇ 1940ರಲ್ಲಿ ಇನ್ನೊಂದು ರೀತಿ ತೋರಿಸಿದರು. ಒಂದರೊಳಗೊಂದು ವೃತ್ತ ಎಳೆದು ಹೆಚ್ಚು ಬಾಣ ಬಂದವರನ್ನು ನಡುವೆ, ಕಡಿಮೆ ಬಂದವರನ್ನು ಹೊರಸುತ್ತಿನಲ್ಲಿ ಇಡುವುದು. ಬೆಂಗಳೂರಿನ ಓದುಗರಿಗೆ ಜಾಗಕ್ಕೆ ಅರ್ಥವಿಲ್ಲ ಅಂದೆ, ಇಲ್ಲಿ ಮಾತ್ರ ಇದೆ, ಯಾಕೆಂದರೆ ಬಿಡಿಸುವವರೇ ಹಾಗೆ ನಿಯಮ ಮಾಡಿಕೊಂಡಿದ್ದಾರೆ. ಓದಲು ಇದು ಸುಲಭ. ಆದರೆ ಹೊರಸುತ್ತಿನ ಮಗುವಿನ ತಾಯಿ ಪೋಷಕರ ಸಭೆಯಲ್ಲಿ ಇದನ್ನು ನೋಡಿದರೆ ಏನನ್ನಿಸೀತು? ಚಿತ್ರ ನಿಮ್ಮ ಕಪಾಟಿನಲ್ಲೇ ಇರಲಿ. ಸ್ಟಾಫ್ ರೂಮಿನಲ್ಲೂ ಬೇಡ.

ಪ್ರಶ್ನೆ: ಇದೆಲ್ಲ ಹೊರದೇಶದ ಒಂಟಿ ಮನುಷ್ಯರಿಗೆ ಸರಿ. ನಮ್ಮಲ್ಲಿ ಜಾತಿ, ಊರು, ಮನೆತನ ಅನ್ನುವ ಗುಂಪುಗಳೇ ಮುಖ್ಯ. ಚುಕ್ಕಿ-ಗೆರೆ ನಮ್ಮ ಸಮಾಜಕ್ಕೆ ಹೊಂದುತ್ತದೆಯೇ?
(ನಿವೃತ್ತ ಉಪನ್ಯಾಸಕ, ಮೈಸೂರು)

ಉತ್ತರ: ನಿಮ್ಮೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1964ರಲ್ಲಿ ಆಂದ್ರೆ ಬೆತೆಯ್ ಜೊತೆ ಸೇರಿ 'ಮ್ಯಾನ್' ಪತ್ರಿಕೆಯಲ್ಲಿ ಅವರು ಬರೆದ ಲೇಖನದ ವಿಷಯವೇ ಭಾರತೀಯ ಸಮಾಜದ ಜಾಲಗಳು. ಜಾತಿ, ಊರು, ಕೂಡುಕುಟುಂಬಗಳನ್ನು ಗೋಡೆ ಕಟ್ಟಿದ ಗುಂಪುಗಳಂತೆ ನೋಡಿದರೆ ಆ ಗೋಡೆ ದಾಟಿ ಹೋಗುವ ನಂಟುಗಳು ಕೈತಪ್ಪುತ್ತವೆ ಎಂಬುದು ಅದರ ಸಾರ.

ಗುಂಪು ಮುಖ್ಯವಲ್ಲ ಎಂದು ಇದರರ್ಥವಲ್ಲ. 2006ರ ಸುಮಾರಿಗೆ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೊ, ಮ್ಯಾಥ್ಯೂ ಜ್ಯಾಕ್ಸನ್ ಅವರ ತಂಡ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಮನೆಮನೆಯ ನಂಟುಗಳ ಮಾಹಿತಿ ಕಲೆಹಾಕಿತು. ಸೀಮೆಎಣ್ಣೆ, ಅಕ್ಕಿ ಬೇಕಾದರೆ ಯಾರ ಮನೆಗೆ ಹೋಗುತ್ತೀರಿ? ಕೈಸಾಲ ಯಾರಿಂದ? ದೇವಸ್ಥಾನಕ್ಕೆ ಯಾರ ಜೊತೆ? ಮೈಗೆ ಹುಷಾರಿಲ್ಲದಿದ್ದರೆ ಯಾರನ್ನು ಕರೆಯುತ್ತೀರಿ? ಹೀಗೆ ಹತ್ತಾರು ಪ್ರಶ್ನೆ. ಅದರಲ್ಲಿ ಒಂದು ಹಳ್ಳಿಯ ಸೀಮೆಎಣ್ಣೆ-ಅಕ್ಕಿಯ ಚಿತ್ರವನ್ನು ಜ್ಯಾಕ್ಸನ್ ತಮ್ಮ ಬರಹಗಳಲ್ಲಿ ತೋರಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡಗಳ ಮನೆಗಳಿಗೆ ಒಂದು ಬಣ್ಣ, ಉಳಿದ ಮನೆಗಳಿಗೆ ಇನ್ನೊಂದು. ಚುಕ್ಕಿಗಳನ್ನು ಜೋಡಿಸಿದ ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಅದಕ್ಕೆ ಕೊಟ್ಟದ್ದು ಯಾರು ಯಾರಿಂದ ಕಡ ತರುತ್ತಾರೆ ಎಂಬುದನ್ನು ಮಾತ್ರ. ಆದರೂ ಊರು ಎರಡು ಬಣ್ಣದ ಎರಡು ಗುಡ್ಡೆಯಾಗಿ ಬೇರೆಯಾಗುತ್ತದೆ, ನಡುವೆ ಕೆಲವೇ ಎಳೆ.

ಇದರಲ್ಲಿ ಹೊಸದೇನು, ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು ಎನ್ನಬಹುದು. ಹೌದು. ಆದರೆ "ಈಗ ಅದೆಲ್ಲ ಎಲ್ಲಿದೆ ಬಿಡಿ" ಅನ್ನುವವರೂ ಅದೇ ಊರಿನಲ್ಲಿರುತ್ತಾರಲ್ಲ? ಅವರ ಮುಂದೆ ಇಡಲು ಇದಕ್ಕಿಂತ ನೇರವಾದ ಹಾಳೆ ನನಗೆ ಗೊತ್ತಿಲ್ಲ. ನಾನಾದರೆ ಆ ನಡುವಿನ ಕೆಲವೇ ಎಳೆಗಳ ಮನೆಗಳಿಗೆ ಹೋಗಿ, ಆ ಅಕ್ಕಿ ಯಾವ ಬಾಗಿಲಿಂದ ಕೈಬದಲಾಗುತ್ತದೆ ಎಂದು ಕೇಳುತ್ತೇನೆ. ಗೆರೆ ಅಷ್ಟನ್ನು ಹೇಳುವುದಿಲ್ಲ.

ಪ್ರಶ್ನೆ: ನಾವು ಸ್ತ್ರೀಶಕ್ತಿ ಸಂಘಗಳ ಜೊತೆ ಕೆಲಸ ಮಾಡುತ್ತೇವೆ. ಹೊಸ ಯೋಜನೆಯ ಸುದ್ದಿ ಊರಿಗೆಲ್ಲ ಮುಟ್ಟಬೇಕಾದರೆ ಮೊದಲು ಯಾರಿಗೆ ಹೇಳಬೇಕು ಎಂಬುದೇ ತಲೆನೋವು. ಊರಿನ ಜಾಲಚಿತ್ರ ಮಾಡಿಸೋಣವೇ? ಖರ್ಚು ಬಹಳ ಅಂತಾರೆ.
(ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ, ರಾಯಚೂರು)

ಉತ್ತರ: ಮಾಡಿಸಬೇಡಿ. ಮೇಲಿನ ಉತ್ತರದಲ್ಲಿ ಹೇಳಿದ ಸಂಶೋಧಕರ ಮುಂದಿನ ಕೆಲಸ ನಿಮ್ಮ ದುಡ್ಡು ಉಳಿಸುತ್ತದೆ.

ಮೇಲೆ ಹೇಳಿದ 75 ಹಳ್ಳಿಗಳ ಪೈಕಿ 43ರಲ್ಲಿ ಒಂದು ಕಿರುಸಾಲ ಸಂಸ್ಥೆ ಕೆಲಸ ಶುರುಮಾಡಿತು. ಅವರು ಮೊದಲು ಸುದ್ದಿ ಹೇಳುತ್ತಿದ್ದದ್ದು ಮೇಷ್ಟರು, ಅಂಗಡಿಯವರು, ಸಂಘದ ಮುಖಂಡರಿಗೆ. ಜಾಲದಲ್ಲಿ ಇವರು ಎಲ್ಲಿದ್ದಾರೆ ಎಂಬುದು ಊರಿಂದೂರಿಗೆ ಬೇರೆ. ಅವರಿಗಿರುವ ನಂಟುಗಳು, ಆ ನಂಟಸ್ಥರ ನಂಟುಗಳು ಚೆನ್ನಾಗಿ ಹರಡಿಕೊಂಡಿದ್ದ ಊರುಗಳಲ್ಲಿ ಸಾಲ ಪಡೆದ ಮನೆಗಳು ಹೆಚ್ಚು ಎಂದು 2013ರಲ್ಲಿ ಪ್ರಕಟವಾದ ಲೇಖನ ತೋರಿಸಿತು. ಹಾಗಾದರೆ ಪ್ರತಿ ಊರಿಗೂ ಚಿತ್ರ ಬೇಕೇ? ಬೇಡ ಎಂಬುದು ಅವರ ಮುಂದಿನ ಪ್ರಯೋಗದ ಉತ್ತರ.

ಊರಿನವರನ್ನೇ ಕೇಳಿದರು: ನಿಮ್ಮೂರಲ್ಲಿ ಸಂಗೀತವೋ ನಾಟಕವೋ ಜಾತ್ರೆಯೋ ಮಾಡಿಸುತ್ತೇವೆ, ಅದರ ಸುದ್ದಿ ಎಲ್ಲರಿಗೂ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು? ಆಮೇಲೆ ಕರ್ನಾಟಕದ 213 ಹಳ್ಳಿಗಳಲ್ಲಿ ಮೊಬೈಲ್ ಫೋನ್ ಬಹುಮಾನದ ಲಾಟರಿ ಇಟ್ಟರು. ಸೇರಲು ಒಂದು ನಂಬರಿಗೆ ಕರೆ ಮಾಡಿದರೆ ಸಾಕು. ಕೆಲವು ಊರಿನಲ್ಲಿ ಸುದ್ದಿಯನ್ನು ಯಾರೋ ಕೆಲವರಿಗೆ ಹೇಳಿದರು, ಕೆಲವು ಕಡೆ ಊರಿನ ಹಿರಿಯರಿಗೆ, ಇನ್ನು ಕೆಲವು ಕಡೆ ಊರಿನವರು ಹೆಸರಿಸಿದ 'ಸುದ್ದಿಗಾರ'ರಿಗೆ. ಯಾರೋ ಕೆಲವರಿಗೆ ಹೇಳಿದ ಊರುಗಳಿಂದ ಬಂದದ್ದು ಸರಾಸರಿ 8.1 ಕರೆ. ಹಿರಿಯರಿಗೆ ಹೇಳಿದ ಕಡೆ 6.9. ಸುದ್ದಿಗಾರರಿಗೆ ಹೇಳಿದ ಕಡೆ 11.7.

ಊರ ಹಿರಿಯರ ಸಂಖ್ಯೆ ನೋಡಿ ನಗು ಬರುತ್ತದೆ, ಅವರು ಸುದ್ದಿ ಕೇಳಿಸಿಕೊಂಡು ಜಗಲಿ ಮೇಲೆ ಸುಮ್ಮನೆ ಕೂತಿರಬೇಕು. ಅದು ನನ್ನ ಊಹೆ, ಪ್ರಯೋಗದ ತೀರ್ಮಾನವಲ್ಲ. ತಮಾಷೆ ಬಿಟ್ಟು ಹೇಳುವುದಾದರೆ, ಸಂಶೋಧಕರು ವರ್ಷಗಟ್ಟಲೆ ಕೂತು ಬಿಡಿಸಿದ ಚಿತ್ರದ ಮುಖ್ಯ ಭಾಗ ಊರಿನವರ ತಲೆಯಲ್ಲಿ ಮೊದಲೇ ಇತ್ತು. ಚಿತ್ರ ವ್ಯರ್ಥವಾಯಿತೇ? ಇಲ್ಲ, ಊರಿನವರ ಆಯ್ಕೆ ಎಷ್ಟು ಸರಿ ಎಂದು ಒರೆಗೆ ಹಚ್ಚಲು ಅದು ಬೇಕಿತ್ತು. ನಿಮಗೆ ಬೇಕಿಲ್ಲ. ಹತ್ತು ಮನೆಗೆ ಹೋಗಿ ಆ ಒಂದು ಪ್ರಶ್ನೆ ಕೇಳಿ. ಮೇಲಿನ ಪತ್ರಕ್ಕೆ ಕೊಟ್ಟ ಉತ್ತರ ನೆನಪಿಟ್ಟುಕೊಂಡು, ಎಲ್ಲ ಕೇರಿಗಳಲ್ಲೂ ಕೇಳಿ.

ಪ್ರಶ್ನೆ: ಕೋವಿಡ್ ಸಮಯದಲ್ಲಿ ರೋಗಿಗಳ ಪಿ-ಸಂಖ್ಯೆಗಳ ಪಟ್ಟಿ ಹಿಡಿದು ಯಾರಿಂದ ಯಾರಿಗೆ ಬಂತು ಎಂದು ಗೋಡೆಯ ಮೇಲೆ ಚಿತ್ರ ಹಾಕುತ್ತಿದ್ದೆವು. ಮೇಲಿನವರು ಬಂದು ನೋಡಿ ಹೋಗುತ್ತಿದ್ದರು. ಅದರಿಂದ ನಿಜವಾಗಿ ಏನಾದರೂ ತಿಳಿಯುತ್ತಿತ್ತೇ?
(ನಿವೃತ್ತ ಆರೋಗ್ಯ ನಿರೀಕ್ಷಕ, ಚಾಮರಾಜನಗರ)

ಉತ್ತರ: ತಿಳಿಯುತ್ತಿತ್ತು, ಅದಕ್ಕೆ ಮಿತಿಯೂ ಇತ್ತು. ಒಂದು ಚುಕ್ಕಿಯಿಂದ ಹತ್ತಾರು ಗೆರೆ ಹೊರಟಿದ್ದರೆ ಮರುದಿನ ಬೆಳಿಗ್ಗೆ ಯಾವ ಬೀದಿಗೆ ಹೋಗಬೇಕೆಂದು ನಿಮಗೆ ಅದು ಹೇಳುತ್ತಿತ್ತಲ್ಲ, ಅಷ್ಟರ ಮಟ್ಟಿಗೆ ಉಪಯೋಗ. ನಮ್ಮ ರಾಜ್ಯದ ಬುಲೆಟಿನ್‌ಗಳು ಯಾರು ಯಾರ ಸಂಪರ್ಕ ಎಂದು ವಿವರವಾಗಿ ಕೊಡುತ್ತಿದ್ದುದರಿಂದ ಮೊದಲ ಸಾವಿರಕ್ಕೂ ಹೆಚ್ಚು ಪ್ರಕರಣಗಳ ಜಾಲವನ್ನು ಸಂಶೋಧಕರು 2020ರಲ್ಲೇ ವಿಶ್ಲೇಷಿಸಿದರು.

ಮಿತಿ ಏನೆಂಬುದು ನಿಮಗೇ ಹೆಚ್ಚು ಗೊತ್ತು. ಎಷ್ಟೋ ಸಂಖ್ಯೆಗಳ ಎದುರು 'ಸಂಪರ್ಕ ಪತ್ತೆ ಹಚ್ಚಲಾಗುತ್ತಿದೆ' ಎಂದಿರುತ್ತಿತ್ತು. ಚಿತ್ರದಲ್ಲಿ ಅವರು ಒಂಟಿ ಚುಕ್ಕಿ. ಅವರು ಯಾರನ್ನೂ ಮುಟ್ಟಿರಲಿಲ್ಲ ಎಂದಲ್ಲ, ಕೇಳುವವರು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಗೋಡೆಯ ಮೇಲಿದ್ದದ್ದು ರೋಗದ ದಾರಿಯಷ್ಟೇ ಅಲ್ಲ, ನಿಮ್ಮ ವಿಚಾರಣೆಯ ದಾರಿಯೂ ಹೌದು. ಚೆನ್ನಾಗಿ ನೆನಪಿಟ್ಟುಕೊಂಡು ಎಲ್ಲರ ಹೆಸರು ಹೇಳಿದ ರೋಗಿಗೆ ಹೆಚ್ಚು ಗೆರೆ, ಹೆದರಿ ಬಾಯಿಬಿಡದವನಿಗೆ ಕಡಿಮೆ.

ಇದನ್ನು ಮರೆತರೆ ಎಷ್ಟು ಅನ್ಯಾಯವಾಗಬಹುದು ಎಂಬುದಕ್ಕೆ 1984ರ ಒಂದು ಚಿತ್ರ ಸಾಕ್ಷಿ. ಅಮೆರಿಕದ ಹತ್ತು ನಗರಗಳ 40 ಏಡ್ಸ್ ರೋಗಿಗಳ ಲೈಂಗಿಕ ಸಂಪರ್ಕಗಳನ್ನು ವೈದ್ಯ ಪತ್ರಿಕೆಯೊಂದು ಮುದ್ರಿಸಿತು. ನಡುವೆ ಇದ್ದ ರೋಗಿಯ ಗುರುತು ಇಂಗ್ಲಿಷಿನ 'ಓ' ಅಕ್ಷರ, ಕ್ಯಾಲಿಫೋರ್ನಿಯಾದ ಹೊರಗಿನವನು ಎಂಬುದರ ಸೂಚನೆ. ಜನ ಅದನ್ನು ಸೊನ್ನೆ ಎಂದು ಓದಿಕೊಂಡರು. ನಡುವೆ ಕೂತ ಸೊನ್ನೆ! ಅಲ್ಲಿಂದಲೇ ಎಲ್ಲ ಶುರುವಾದಂತೆ ಕಂಡಿತು, 1987ರ ಹೊತ್ತಿಗೆ ಪತ್ರಿಕೆಗಳು ಅವನನ್ನು ಅಮೆರಿಕಕ್ಕೆ ಏಡ್ಸ್ ತಂದವನನ್ನಾಗಿ ಮಾಡಿದವು. ಆ ಸಂಪರ್ಕಗಳ ವಿಚಾರಣೆಗೆ ಮನಸ್ಸು ಬಿಚ್ಚಿ ನೆರವಾಗಿ, ನೆನಪಿದ್ದ ಹೆಸರುಗಳನ್ನೆಲ್ಲ ಕೊಟ್ಟವರಲ್ಲಿ ಅವನೊಬ್ಬ. ವೈರಸ್ಸು ಅವನಿಗಿಂತ ಮೊದಲೇ, 1970ರ ಆಸುಪಾಸಿನಲ್ಲೇ ನ್ಯೂಯಾರ್ಕ್ ಮುಟ್ಟಿತ್ತು, ಅವನು ಮೂಲವಲ್ಲ ಎಂದು 2016ರಲ್ಲಿ ಹಳೆಯ ರಕ್ತದ ಮಾದರಿಗಳ ತಳಿ ಪರೀಕ್ಷೆ ಖಚಿತಪಡಿಸಿತು. ಅಷ್ಟರಲ್ಲಿ ಅವನು ಸತ್ತು ಮೂವತ್ತೆರಡು ವರ್ಷವಾಗಿತ್ತು.

ಪ್ರಶ್ನೆ: ನಮ್ಮ ಕಂಪನಿಯಲ್ಲಿ 'ಯಾರ ಹತ್ತಿರ ಸಲಹೆ ಕೇಳುತ್ತೀರಿ' ಎಂದು ಎಲ್ಲರಿಂದ ಬರೆಸಿಕೊಂಡು, ಬಂದ ಚಿತ್ರವನ್ನು ಮೀಟಿಂಗಿನಲ್ಲಿ ತೋರಿಸಿದರು. ಹೆಸರಿರಲಿಲ್ಲ, ವಿಭಾಗ ಮತ್ತು ಹುದ್ದೆ ಇತ್ತು. ಅಂಚಿನಲ್ಲಿದ್ದ ಚುಕ್ಕಿ ನಾನೇ ಎಂದು ಎಲ್ಲರಿಗೂ ಗೊತ್ತಾಯಿತು. ಇದು ಸರಿಯೇ?
(ಖರೀದಿ ವಿಭಾಗದ ಉದ್ಯೋಗಿ, ಹೊಸೂರು ರಸ್ತೆ)

ಉತ್ತರ: ಸರಿಯಲ್ಲ. ಹೆಸರು ಅಳಿಸಿದರೆ ಗುರುತು ಅಳಿಯುತ್ತದೆ ಎಂಬುದು ಬೇರೆ ಸಮೀಕ್ಷೆಗಳ ಮಾತು. ಖರೀದಿ ವಿಭಾಗದಲ್ಲಿ ಇಬ್ಬರೇ ಇದ್ದರೆ ಹುದ್ದೆಯೇ ಹೆಸರು. ಜಾಲದ ಅಧ್ಯಯನದಲ್ಲಿ ಇನ್ನೊಂದು ತೊಡಕಿದೆ: ನೀವು ಫಾರ್ಮ್ ತುಂಬದೆ ಹೊರಗುಳಿದರೂ ಉಳಿದವರು ನಿಮ್ಮ ಹೆಸರು ಬರೆಯಬಹುದು, ನೀವು ಚಿತ್ರದಲ್ಲಿ ಬಂದೇ ಬರುತ್ತೀರಿ. ಆದ್ದರಿಂದ ಚಿತ್ರವನ್ನು ಯಾರಿಗೆ ತೋರಿಸುತ್ತೇವೆ, ಬಡ್ತಿ-ವರ್ಗಾವಣೆಗೆ ಬಳಸುತ್ತೇವೋ ಇಲ್ಲವೋ ಎಂದು ಬರೆಸಿಕೊಳ್ಳುವ ಮೊದಲೇ ಹೇಳಬೇಕು.

ಮುಂದಿನ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ: ಗೆರೆಗಳು ಕಂಪನಿಯ ಗೇಟಿನೊಳಗೇ ಯಾಕೆ ನಿಂತವು? ಖರೀದಿಯವರ ದಿನವೆಲ್ಲ ಸರಬರಾಜುದಾರರ ಜೊತೆ ಕಳೆಯುತ್ತದೆ. ಅವರನ್ನೂ ಸೇರಿಸಿ ಬಿಡಿಸಿದರೆ ನಿಮ್ಮ ಚುಕ್ಕಿ ಅಂಚಿನಲ್ಲೇ ಇರುತ್ತದೆಯೇ? ಬೇಲಿಯನ್ನು ಎಲ್ಲಿ ಹಾಕಬೇಕು ಎಂದು ತೀರ್ಮಾನಿಸಿದವರು ಅಂಚಿನಲ್ಲಿ ಯಾರಿರಬೇಕು ಎಂಬುದನ್ನೂ ಅರ್ಧ ತೀರ್ಮಾನಿಸಿಬಿಟ್ಟಿರುತ್ತಾರೆ.

ಪ್ರಶ್ನೆ: ಯಾವ ತಂತ್ರಾಂಶ ಒಳ್ಳೆಯದು? ಕನ್ನಡದಲ್ಲಿ ಹೆಸರು ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ.
(ಎಂ.ಎಸ್.ಡಬ್ಲ್ಯೂ ವಿದ್ಯಾರ್ಥಿ, ತುಮಕೂರು)

ಉತ್ತರ: ಮೂವತ್ತು ಜನರವರೆಗೆ ಪೆನ್ಸಿಲ್, ರಬ್ಬರ್. ಚುಕ್ಕಿಯನ್ನು ಅಳಿಸಿ ಅಳಿಸಿ ಜರುಗಿಸುವಾಗಲೇ ಜಾಲ ತಲೆಗೆ ಹತ್ತುತ್ತದೆ. ಅದಕ್ಕಿಂತ ದೊಡ್ಡದಾದರೆ ಗೆಫಿ. ಸ್ಲೊವೇನಿಯಾದ ಪಯೆಕ್ ಕೂಡ ಇದೆ, ನೋಡಲು ಹಳೆಯ ಕಾಲದ್ದು, ಭಾರಿ ಜಾಲಗಳನ್ನೂ ಸಲೀಸಾಗಿ ಎಳೆಯುತ್ತದೆ. ಪ್ರೋಗ್ರಾಮಿಂಗ್ ಬರುವುದಾದರೆ ಐಗ್ರಾಫ್. ಎಲ್ಲವೂ ಉಚಿತ.

ಪ್ರಶ್ನಾರ್ಥಕ ಚಿಹ್ನೆ ಬರುವುದು ಎಕ್ಸೆಲ್‌ನಲ್ಲಿ ಸಾಮಾನ್ಯ ಸಿಎಸ್‌ವಿ ಆಗಿ ಸೇವ್ ಮಾಡಿದ್ದರಿಂದ. 'ಸಿಎಸ್‌ವಿ ಯುಟಿಎಫ್-8' ಆರಿಸಿಕೊಳ್ಳಿ, ಸರಿಹೋಗುತ್ತದೆ. ಆದರೆ ಹೆಸರು ಹಾಕುವುದೇ ಯಾಕೆ? ಕ್ರಮಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ಬೇರೆ ಕಡೆ ಇಡಿ. ಚಿತ್ರದ ಫೈಲನ್ನು ಗೆಳೆಯರಿಗೆ ವಾಟ್ಸ್‌ಆ್ಯಪ್ ಮಾಡುವಾಗ ಆ ಪಟ್ಟಿ ಜೊತೆಗೆ ಹೋಗದಿರಲಿ.